ಕದಿರಿನ ಹೆಸರು, ಡಮರುಗದ ರೂಪ

ವಸ್ತುವೊಂದಕ್ಕೆ ಇಟ್ಟ ಹೆಸರು ಅದರ ರೂಪವನ್ನು ನೋಡುವ ಕಣ್ಣನ್ನು ಎಷ್ಟರಮಟ್ಟಿಗೆ ತಿದ್ದಬಲ್ಲದೆಂಬುದಕ್ಕೆ ರಾಮನಗರ ತಾಲ್ಲೂಕಿನ ಬಿಡದಿಯಲ್ಲಿಯೇ ಒಂದು ನಿದರ್ಶನವಿದೆ. ಅಲ್ಲಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2020ರಲ್ಲಿ ಲೆಕ್ಸಸ್ ಇ.ಎಸ್. 300 ಹೆಚ್. ಎಂಬ ಬೆಲೆಬಾಳುವ ಕಾರಿನ ಜೋಡಣೆ ಆರಂಭವಾಯಿತು. ಲೆಕ್ಸಸ್ ಕಾರುಗಳ ಮುಂಭಾಗದ ಜಾಲರಿಯನ್ನು ಮೆಚ್ಚಿದವರೂ ಉಂಟು, ವಿಕಾರವೆಂದು ಜರೆದವರೂ ಉಂಟು. ಈ ಭಿನ್ನಾಭಿಪ್ರಾಯದ ಮೂಲವನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಎಂಜಿನಿನಲ್ಲಿ ಕಾದ ನೀರನ್ನು ಗಾಳಿಯಿಂದ ತಣಿಸುವುದು ರೇಡಿಯೇಟರಿನ ಕೆಲಸ. ಮೊದಲ ಕಾಲದ ಕಾರುಗಳಲ್ಲಿ ಅದು ಮುಚ್ಚುಮರೆಯಿಲ್ಲದೆ ಮುಂದೆ ಕಾಣುತ್ತಿತ್ತು. ಗ್ರೀಕ್ ದೇವಾಲಯದ ಮುಂಭಾಗವನ್ನು ನೆನಪಿಗೆ ತರುವ ರೇಡಿಯೇಟರೇ ರೋಲ್ಸ್‌ರಾಯ್ಸ್ ಕಾರಿನ ಗುರುತಾಯಿತು. ಮುಂದೆ ರೇಡಿಯೇಟರು ಒಳಸರಿದು, ಅದರೆದುರಿನ ಜಾಲರಿಯೇ ಕಾರಿನ ಮುಖವಾಯಿತು. ಮುಖವೆಂದ ಮೇಲೆ ಮೆಚ್ಚುಗೆ, ಮೂದಲಿಕೆಗಳೆರಡೂ ಸಹಜ. ಫೋರ್ಡ್ ಕಂಪೆನಿಯು 1957ರಲ್ಲಿ ಹೊರತಂದ ಎಡ್ಸೆಲ್ ಕಾರಿನ ನೀಳವಾದ ಜಾಲರಿಯನ್ನು ಜನರು ಕುದುರೆಯ ಕೊರಳಪಟ್ಟಿಗೆ ಹೋಲಿಸಿ ನಕ್ಕರು. 1959ರಲ್ಲಿ ಅದರ ತಯಾರಿಕೆ ನಿಂತಿತು. ರೂಪವೊಂದೇ ಅದಕ್ಕೆ ಕಾರಣವಲ್ಲ. ಆದರೂ ಸೋಲಿನ ಗುರುತಾಗಿ ಉಳಿದುದು ಆ ಜಾಲರಿಯೇ. ಇಂದು ಸಂಗ್ರಾಹಕರು ಅದೇ ಕಾರನ್ನು ಅಪರೂಪದ ವಸ್ತುವೆಂದು ಹುಡುಕುತ್ತಾರೆ.

ಲೆಕ್ಸಸ್ ಸಂಸ್ಥೆಯು 2011ರಲ್ಲಿ ಮಾದರಿ ಕಾರೊಂದರಲ್ಲಿ ತೋರಿಸಿದ ಜಾಲರಿಯಾದರೋ ಎರಡು ತ್ರಾಪಿಜ್ಯಗಳ ಕೂಟ: ಮೇಲಿನದು ತಲೆಕೆಳಗು, ಕೆಳಗಿನದು ನೆಟ್ಟಗೆ; ಇವೆರಡೂ ಕೂಡುವಲ್ಲಿ ಕಿರಿದಾದ ನಡು. ಇದಕ್ಕೆ ಕದಿರಿನ ಜಾಲರಿ ಎಂಬರ್ಥದ ಹೆಸರಾಯಿತು. ಟೊಯೋಟಾ ಮನೆತನದ ಮೂಲಪುರುಷ ಸಾಕಿಚಿ ಟೊಯೋಡಾ 1924ರಲ್ಲಿ ಸ್ವಯಂಚಾಲಿತ ಮಗ್ಗವನ್ನು ಸಿದ್ಧಪಡಿಸಿದವನು. ಕಾರಿನ ತಯಾರಿಕೆ ಹುಟ್ಟಿದ್ದು ಆ ಮಗ್ಗದ ಕಾರ್ಖಾನೆಯೊಳಗೆ, 1933ರಲ್ಲಿ. ಆದಕಾರಣ ಈ ಹೆಸರಿಗೆ ವಂಶಸ್ಮರಣೆಯ ಗೌರವವೂ ಕೂಡಿಕೊಂಡಿತು.

ಆದರೆ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ರಾಮನಗರದ ಕಣ್ಣಿಗೆ ಇಲ್ಲೊಂದು ಸಂದೇಹ ಹುಟ್ಟುವುದು ಸಹಜ. ನೂಲು ಸುತ್ತಿದ ಕದಿರು ನಡುವೆ ಉಬ್ಬಿ, ತುದಿಗಳಲ್ಲಿ ಸಣ್ಣಗಾಗುತ್ತದೆ. ಈ ಜಾಲರಿಯಾದರೋ ತುದಿಗಳಲ್ಲಿ ಅಗಲವಾಗಿ ನಡುವೆ ಸಣ್ಣಗಾಗಿದೆ. ಇದು ಡಮರುಗದ ಆಕಾರ. ಹೆಚ್ಚೆಂದರೆ, ನೂಲು ಸುತ್ತದ ಅಂಚುಳ್ಳ ಉರುಳೆಯ ಆಕಾರ. ಚನ್ನಪಟ್ಟಣದ ಆಟಿಕೆಯ ಕುಶಲಿಯು ಆಲೆಮರದ ತುಂಡನ್ನು ಚರಕಿಗೆ ಕೊಟ್ಟು, ಉಳಿಯನ್ನು ನಡುವಿಗೆ ಒತ್ತಿದರೆ ಡಮರುಗ, ತುದಿಗಳಿಗೆ ಒತ್ತಿದರೆ ಕದಿರು. ಮರ ಒಂದೇ, ರೂಪಗಳು ಪರಸ್ಪರ ವಿರುದ್ಧ.

ವಿರೋಧದ ಮೂಲ ಇಲ್ಲಿಯೇ ಇದೆಯೆಂದು ತೋರುತ್ತದೆ. ಅಡ್ಡಗೆರೆಗಳು ಕಾರನ್ನು ಅಗಲವಾಗಿಯೂ ತಗ್ಗಾಗಿಯೂ ಕಾಣಿಸುತ್ತವೆ. ಬಂಪರಿನ ಅಡ್ಡಪಟ್ಟಿಯಲ್ಲಿ ನೋಟವು ತಂಗುತ್ತದೆ. ಈ ಜಾಲರಿಯು ಆ ಪಟ್ಟಿಯನ್ನು ಸೀಳಿ ಮೇಲಿನಿಂದ ಕೆಳಗಿನವರೆಗೆ ಇಳಿಯುವುದರಿಂದ ಕಣ್ಣಿಗೆ ತಂಗುದಾಣ ತಪ್ಪುತ್ತದೆ. ಒಬ್ಬರಿಗೆ ಅದು ಧೈರ್ಯ, ಇನ್ನೊಬ್ಬರಿಗೆ ತೆರೆದ ಬಾಯಿ. ಕದಿರೆಂಬ ಹೆಸರು ಈ ಕೊರತೆಯನ್ನು ತುಂಬಲಾರದು.

2022ರಲ್ಲಿ ಬಂದ ಲೆಕ್ಸಸ್ಸಿನ ವಿದ್ಯುತ್ ಕಾರಿನಲ್ಲಿ ಅಷ್ಟು ದೊಡ್ಡ ಗಾಳಿಬಾಗಿಲಿನ ಅಗತ್ಯವೇ ಇರಲಿಲ್ಲ. ಜಾಲರಿ ಮುಚ್ಚಿತು, ಅದರ ಆಕಾರ ಮಾತ್ರ ತಗಡಿನ ಮೇಲೆ ಉಳಿಯಿತು. ಉಪಯೋಗ ತೀರಿದ ಮೇಲೂ ರೂಪವೊಂದು ಬಾಳುವುದಾದರೆ, ಅದನ್ನು ಹೆಸರಿನಿಂದಲ್ಲ, ರೂಪದಿಂದಲೇ ತೂಗುವುದು ನ್ಯಾಯ.