ಒಂದು ವಿಮಾನಕ್ಕೆ ಎಷ್ಟು ಕೈ?

ಭಾಲ್ಕಿಯಿಂದ ಬೀದರ್‌ಗೆ ಸುಮಾರು 40 ಕಿ.ಮೀ. ಬಸ್ಸು ಹತ್ತಿದವರಿಗೆ ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ಬೀದರ್ ವಾಯುಪಡೆ ನೆಲೆಯ ಹಾಕ್ ತರಬೇತಿ ವಿಮಾನ ತನ್ನ ಗರಿಷ್ಠ ವೇಗದಲ್ಲಿ ಹೊರಟರೆ ಇದೇ ದೂರ ಎರಡೂವರೆ ನಿಮಿಷದ್ದು. ಆ ವೇಗ ಗಂಟೆಗೆ 1,000 ಕಿ.ಮೀ. ಆಸುಪಾಸು. ಭಾತಂಬ್ರಾದ ಕೋಟೆಯ ಬಳಿ ನಿಂತ ಹುಡುಗ ಸದ್ದು ಬಂದ ಕಡೆ ತಲೆ ಎತ್ತಿದರೆ ಅಲ್ಲಿ ಏನೂ ಕಾಣುವುದಿಲ್ಲ. ಸದ್ದು ಕಿವಿಗೆ ಮುಟ್ಟುವಷ್ಟರಲ್ಲಿ ವಿಮಾನ ಬಹಳ ಮುಂದೆ ಹೋಗಿರುತ್ತದೆ.

ಆ ವಿಮಾನದೊಳಗೆ ಕೂತವನ ಮೈಮೇಲೆ ಏನು ನಡೆಯುತ್ತದೆ ನೋಡಿ. ಹಾಕ್ ಬಿರುಸಿನ ತಿರುವು ತೆಗೆದುಕೊಳ್ಳುವಾಗ ಭೂಮಿಯ ಸೆಳೆತದ ಎಂಟು ಪಟ್ಟು ಒತ್ತಡವನ್ನು ತಡೆಯಬಲ್ಲದು. ಆ ಹೊತ್ತಿಗೆ 60 ಕೆ.ಜಿ. ತೂಕದ ಹುಡುಗ 480 ಕೆ.ಜಿ. ಆಗುತ್ತಾನೆ. ಐದು ಕೆ.ಜಿ.ಯ ತಲೆ 40 ಕೆ.ಜಿ. ಆಗುತ್ತದೆ, ಹೆಲ್ಮೆಟ್ಟಿನ ಭಾರ ಬೇರೆ. ರಕ್ತ ತಲೆಯಿಂದ ಕಾಲಿನ ಕಡೆ ಇಳಿಯುತ್ತದೆ, ಕಣ್ಣು ಕತ್ತಲಾಗುತ್ತದೆ. ಹೊಟ್ಟೆ ಮತ್ತು ತೊಡೆಯ ಸ್ನಾಯು ಬಿಗಿಹಿಡಿದು, ಉಸಿರನ್ನು ಕಟ್ಟಿ ಕಟ್ಟಿ ಬಿಡುತ್ತ, ಎಚ್ಚರ ತಪ್ಪದ ಹಾಗೆ ನೋಡಿಕೊಳ್ಳುವುದನ್ನೇ ಕಲಿಸುತ್ತಾರೆ. 2008ರ ಫೆಬ್ರುವರಿಯಲ್ಲಿ ಹಾಕ್ ವಾಯುಪಡೆಗೆ ಸೇರಿದ್ದು ಬೀದರ್‌ನಲ್ಲೇ. ಅಂದಿನಿಂದ ದೇಶದ ಯುದ್ಧವಿಮಾನ ಪೈಲಟ್‌ಗಳು ನಮ್ಮ ತೊಗರಿ, ಸೋಯಾ ಹೊಲಗಳ ಮೇಲೆ ಹಾರಿಯೇ ಪಳಗುತ್ತಿದ್ದಾರೆ.

ವಾಯುಪಡೆಯ ವೈಮಾನಿಕ ಪ್ರದರ್ಶನ ತಂಡ ಸೂರ್ಯಕಿರಣ ಹುಟ್ಟಿದ್ದೂ ಇಲ್ಲೇ, 1996ರಲ್ಲಿ. ಒಂಬತ್ತು ವಿಮಾನಗಳು ಒಟ್ಟಾಗಿ ಹಾರುವಾಗ ಅವುಗಳ ನಡುವಿನ ಅಂತರ 5 ಮೀಟರ್‌ಗೂ ಕಡಿಮೆ. ವೇಗ ಗಂಟೆಗೆ 540 ಕಿ.ಮೀ. ಎಂದು ಹಿಡಿದರೂ ಒಂದೊಂದು ವಿಮಾನ ಸೆಕೆಂಡಿಗೆ 150 ಮೀಟರ್ ಸಾಗುತ್ತಿರುತ್ತದೆ. 2016ರ ಜೂನ್‌ನಲ್ಲಿ ದುಂಡಿಗಲ್‌ನಲ್ಲಿ ದೇಶದ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳು, ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್, ಅಧಿಕಾರಿಗಳಾದ ಮೇಲೆ ಹಾಕ್ ತರಬೇತಿಗೆ ಬಂದದ್ದು ಬೀದರ್‌ಗೆ. ಇಷ್ಟು ದೊಡ್ಡ ಚರಿತ್ರೆ ನಮ್ಮ ತಲೆಯ ಮೇಲೆಯೇ ನಡೆದಿದೆ. ಆದರೆ ಅದನ್ನು ನೋಡಿ ಬೆಳೆದ ಹಳ್ಳಿಯ ಮಕ್ಕಳಿಗೆ ವಿಮಾನ ಎಂದರೆ ಪೈಲಟ್, ಪೈಲಟ್ ಎಂದರೆ ಶ್ರೀಮಂತರ ಮಕ್ಕಳು ಎಂದಷ್ಟೇ ಗೊತ್ತು. ಈ ಎರಡೂ ಮಾತು ಎಷ್ಟು ದೂರ ನಿಜ ಎಂದು ಲೆಕ್ಕ ಹಾಕಿ ನೋಡಬೇಕು.

ಎರಡನೆಯದನ್ನು ಮೊದಲು ತೆಗೆದುಕೊಳ್ಳೋಣ. ವಾಯುಪಡೆಯ ಪೈಲಟ್ ಆಗಲು ಮನೆಯವರು ಶುಲ್ಕ ಕಟ್ಟಬೇಕಿಲ್ಲ, ಸರ್ಕಾರವೇ ಕಲಿಸಿ ಸಂಬಳ ಕೊಡುತ್ತದೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪರೀಕ್ಷೆ ವರ್ಷಕ್ಕೆ ಎರಡು ಸಲ ಬರುತ್ತದೆ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದೊಳಗಿನವರು, ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ಇಟ್ಟುಕೊಂಡು ಪಿಯುಸಿ ಓದುತ್ತಿರುವವರು, ಹುಡುಗ ಹುಡುಗಿ ಇಬ್ಬರೂ ಬರೆಯಬಹುದು. ಕಷ್ಟ ಇರುವುದು ಸಂಖ್ಯೆಯಲ್ಲಿ. ಈಚಿನ ವರ್ಷಗಳ ಅಧಿಸೂಚನೆಗಳಲ್ಲಿ ಒಂದು ಪರೀಕ್ಷೆಗೆ ವಾಯುಪಡೆಯ ಹಾರಾಟ ವಿಭಾಗದಲ್ಲಿ ಇರುವ ಸ್ಥಾನ 92. ಬರೆಯುವವರು ದೇಶದಾದ್ಯಂತ ಲಕ್ಷಗಟ್ಟಲೆ. ಬರೆದು ಪಾಸಾದರೂ ಮೈಸೂರಿನಂಥ ಆಯ್ಕೆ ಮಂಡಳಿಗಳಲ್ಲಿ ದಿನಗಟ್ಟಲೆ ಪರೀಕ್ಷೆ ನಡೆಯುತ್ತದೆ. ಎತ್ತರ 162.5 ಸೆಂ.ಮೀ.ಗೆ ಕಡಿಮೆ ಇರಕೂಡದು. ಕಾಲಿನ ಉದ್ದ 99ರಿಂದ 120 ಸೆಂ.ಮೀ. ಒಳಗಿರಬೇಕು, ತೊಡೆಯ ಉದ್ದ 64 ಸೆಂ.ಮೀ. ಮೀರಬಾರದು. ಕಾಕ್‌ಪಿಟ್ಟಿನಲ್ಲಿ ಪೆಡಲ್ ಕಾಲಿಗೆ ಸಿಗಬೇಕು, ಜೀವ ಉಳಿಸಲು ಸೀಟು ಸಮೇತ ಹೊರಗೆ ಚಿಮ್ಮುವಾಗ ಮೊಣಕಾಲು ತಗಲಬಾರದು, ಅದಕ್ಕೆ ಈ ಅಳತೆ. ಇನ್ನು ಕಂಪ್ಯೂಟರ್ ಮೇಲೆ ನಡೆಯುವ ಪೈಲಟ್ ಆಯ್ಕೆ ಪರೀಕ್ಷೆ ಜೀವಮಾನದಲ್ಲಿ ಒಂದೇ ಸಲ. ಅದರಲ್ಲಿ ಸೋತವರಿಗೆ ವಾಯುಪಡೆಯಲ್ಲಿ ಪೈಲಟ್ ಆಗುವ ದಾರಿ ಅಲ್ಲಿಗೆ ಮುಗಿಯಿತು. ಇಷ್ಟು ಕಟ್ಟುನಿಟ್ಟಾದ ಇನ್ನೊಂದು ಪರೀಕ್ಷೆ ನನಗೆ ಗೊತ್ತಿಲ್ಲ. ಪದವಿ ಮುಗಿಸಿದವರಿಗೆ ಎಎಫ್‌ಕ್ಯಾಟ್ ಎಂಬ ಇನ್ನೊಂದು ದಾರಿ ಇದೆ, ಆದರೆ ಆ ಒಂದೇ ಸಲದ ನಿಯಮ ಅಲ್ಲೂ ಬಿಡುವುದಿಲ್ಲ.

ಪ್ರಯಾಣಿಕ ವಿಮಾನದ ಪೈಲಟ್ ಆಗುವುದು ಬೇರೆ ಮಾತು. ಅಲ್ಲಿ ಸ್ಥಾನಕ್ಕಿಂತ ದುಡ್ಡಿನ ಲೆಕ್ಕ ದೊಡ್ಡದು. ಲೈಸೆನ್ಸ್‌ಗೆ 200 ಗಂಟೆ ಹಾರಿರಬೇಕು, ವಯಸ್ಸು 18 ತುಂಬಿರಬೇಕು. ಖರ್ಚು ಸಾಮಾನ್ಯವಾಗಿ 50 ಲಕ್ಷ ದಾಟುತ್ತದೆ. ಅದರ ಮೇಲೆ ಯಾವ ಬಗೆಯ ವಿಮಾನ ಹಾರಿಸಬೇಕೋ ಅದರ ತರಬೇತಿಗೆ ಮತ್ತಷ್ಟು ಲಕ್ಷ. ಮೊದಲಾದರೆ ಇದಕ್ಕೆ ಬೆಂಗಳೂರಿನ ಜಕ್ಕೂರು, ಹೈದರಾಬಾದ್ ಎಂದು ಓಡಬೇಕಿತ್ತು. 2019ರ ನವೆಂಬರ್‌ನಲ್ಲಿ ಶುರುವಾದ ಕಲಬುರಗಿ ವಿಮಾನ ನಿಲ್ದಾಣದಲ್ಲಿ ಈಗ ಹಾರಾಟ ಶಾಲೆಗಳು ಬಂದಿವೆ. 2023ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಕೊಟ್ಟ ವಾಣಿಜ್ಯ ಪೈಲಟ್ ಲೈಸೆನ್ಸ್ 1,622. ಅದೇ ವರ್ಷ ಫೆಬ್ರುವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳ ಖರೀದಿ ಪ್ರಕಟಿಸಿತು, ಜೂನ್‌ನಲ್ಲಿ ಇಂಡಿಗೋ 500. ಐದು ತಿಂಗಳೊಳಗೆ 970 ವಿಮಾನ! ದಿನಕ್ಕೆ ಹಲವು ಸುತ್ತು ಹಾರುವ ವಿಮಾನಕ್ಕೆ ಪಾಳಿ, ರಜೆ, ವಿಶ್ರಾಂತಿ ಎಲ್ಲ ಸೇರಿಸಿ ಹತ್ತು ಪೈಲಟ್ ಎಂದು ಹಿಡಿದರೂ ಹತ್ತಿರ ಹತ್ತಿರ ಹತ್ತು ಸಾವಿರ ಜನ ಬೇಕು. ಈ ಲೆಕ್ಕ ತೋರಿಸಿಯೇ ಏಜೆಂಟರು ಮನೆ ಬಾಗಿಲಿಗೆ ಬರುತ್ತಾರೆ. ಅವರು ಹೇಳದೆ ಬಿಡುವ ಮಾತು ಒಂದಿದೆ: ಈ ವಿಮಾನಗಳು ಒಂದೇ ವರ್ಷದಲ್ಲಿ ಬರುವುದಿಲ್ಲ, ಹಲವು ವರ್ಷಗಳಲ್ಲಿ ಬಂದು ಇಳಿಯುತ್ತವೆ. 200 ಗಂಟೆ ಮುಗಿಸಿ, ಸಾಲದ ಕಂತು ಕಟ್ಟುತ್ತ, ಮೊದಲ ಕೆಲಸಕ್ಕೆ ಕಾಯುವ ಯುವಕರು ಈ ದೇಶದಲ್ಲಿ ಇದ್ದಾರೆ.

ಈಗ ಇನ್ನೊಂದು ಲೆಕ್ಕ. ಮುಂದಿನ ಇಪ್ಪತ್ತು ವರ್ಷಕ್ಕೆ ಜಗತ್ತಿನ ವಿಮಾನಗಳಿಗೆ ಎಷ್ಟು ಹೊಸಬರು ಬೇಕು ಎಂದು 2025ರಲ್ಲಿ ಬೋಯಿಂಗ್ ಅಂದಾಜು ಮಾಡಿತು. ಪೈಲಟ್‌ಗಳು 6.6 ಲಕ್ಷ. ದುರಸ್ತಿಯ ತಂತ್ರಜ್ಞರು 7.1 ಲಕ್ಷ. ಕ್ಯಾಬಿನ್ ಸಿಬ್ಬಂದಿ 10 ಲಕ್ಷ. ಹತ್ತರಲ್ಲಿ ಮೂವರೂ ಪೈಲಟ್ ಅಲ್ಲ. ವಿಮಾನ ಕಟ್ಟುವವರು, ದಾರಿ ತೋರಿಸುವವರು, ಬೆಂಕಿ ನಂದಿಸುವವರು, ಸಾಮಾನು ತುಂಬುವವರು, ಹವಾಮಾನ ಬರೆಯುವವರು ಈ ಲೆಕ್ಕದಲ್ಲಿ ಸೇರಿಯೇ ಇಲ್ಲ. ನಾವು ನೋಡುತ್ತಿರುವುದು ಕಿಟಕಿಯಲ್ಲಿ ಕಾಣುವ ಇಬ್ಬರನ್ನು ಮಾತ್ರ.

ದುರಸ್ತಿಯವರದ್ದನ್ನೇ ನೋಡಿ. ಬೋಯಿಂಗ್ 737ರಲ್ಲಿ ಸುಮಾರು 3,67,000 ಬಿಡಿಭಾಗಗಳಿವೆ. 747ರಲ್ಲಿ 60 ಲಕ್ಷ, ಅದರಲ್ಲಿ ಅರ್ಧ ಬರೀ ರಿವೆಟ್, ಬೋಲ್ಟುಗಳಂಥ ಬಿಗಿಯುವ ಸಾಮಾನು. ಏರ್‌ಬಸ್ ಎ380ರಲ್ಲಿ ಎಳೆದ ತಂತಿಯ ಒಟ್ಟು ಉದ್ದ 530 ಕಿ.ಮೀ. ಆ ತಂತಿಯೇ ಒಮ್ಮೆ ಇಡೀ ಕಾರ್ಖಾನೆಯನ್ನು ನಿಲ್ಲಿಸಿತ್ತು. ಜರ್ಮನಿಯ ಹ್ಯಾಂಬರ್ಗ್ ಮತ್ತು ಫ್ರಾನ್ಸಿನ ಟುಲೂಸ್‌ನ ಎಂಜಿನಿಯರುಗಳು ಒಂದೇ ವಿನ್ಯಾಸ ಸಾಫ್ಟ್‌ವೇರಿನ ಬೇರೆ ಬೇರೆ ಆವೃತ್ತಿ ಬಳಸಿದ್ದರಿಂದ ತಂತಿಗಳು ಜೋಡಣೆಯ ಹೊತ್ತಿಗೆ ಗಿಡ್ಡವಾದವು. ವಿಮಾನಗಳು ಎರಡು ವರ್ಷದಷ್ಟು ತಡವಾದವು. ಇಂಥ ಯಂತ್ರವನ್ನು ಬಿಚ್ಚಿ, ಪರೀಕ್ಷಿಸಿ, ಮತ್ತೆ ಕಟ್ಟಿ, ‘ಇದು ಹಾರಬಹುದು’ ಎಂದು ಸಹಿ ಹಾಕುವವರು ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಎಂಜಿನಿಯರ್. ಅವರ ಸಹಿ ಬೀಳದೆ ಎಂಥ ಹಿರಿಯ ಕ್ಯಾಪ್ಟನ್ನೂ ವಿಮಾನ ಎತ್ತುವಂತಿಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಡಿಜಿಸಿಎ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಸುಮಾರು 2,400 ಗಂಟೆಗಳ ಕೋರ್ಸು ಮುಗಿಸಿ, ಕೈಯಾರೆ ಕೆಲಸ ಮಾಡಿದ ಅನುಭವ ತೋರಿಸಿ, ಒಂದೊಂದೇ ಪರೀಕ್ಷೆ ದಾಟಿ ಆ ಸಹಿಯ ಹಕ್ಕು ಪಡೆಯುತ್ತಾರೆ. ಖರ್ಚು ಕೆಲವು ಲಕ್ಷ. ಬೇಸರವಿಲ್ಲದೆ ಓದಬೇಕು, ವರ್ಷಗಳು ಹಿಡಿಯುತ್ತವೆ. ನನ್ನನ್ನು ಕೇಳಿದರೆ, ಟ್ರ್ಯಾಕ್ಟರ್ ಎಂಜಿನ್ ಬಿಚ್ಚುವುದನ್ನು ಕಣ್ಣು ಮಿಟುಕಿಸದೆ ನೋಡುವ ಹಳ್ಳಿಯ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಪ್ಪುವ ಕೆಲಸ ಇಲ್ಲ.

ಕ್ಯಾಬಿನ್ ಸಿಬ್ಬಂದಿಯ ಕೆಲಸವನ್ನು ನಮ್ಮ ಕಡೆ ಅನೇಕರು ಕಾಫಿ ಕೊಡುವ ಕೆಲಸ ಎಂದು ತಿಳಿದು ಹೆಣ್ಣುಮಕ್ಕಳನ್ನು ಕಳಿಸಲು ಹಿಂಜರಿಯುತ್ತಾರೆ. ಅಂಥವರಿಗೆ ಒಂದು ಘಟನೆ. ಯಾವುದೇ ಹೊಸ ದೊಡ್ಡ ವಿಮಾನಕ್ಕೆ ಒಪ್ಪಿಗೆ ಸಿಗಬೇಕಾದರೆ, ಅರ್ಧ ಬಾಗಿಲು ಮುಚ್ಚಿದ್ದರೂ ಒಳಗಿನವರೆಲ್ಲ 90 ಸೆಕೆಂಡಿನೊಳಗೆ ಹೊರಬೀಳಬೇಕು. 2006ರ ಮಾರ್ಚ್ 26ರಂದು ಹ್ಯಾಂಬರ್ಗ್‌ನಲ್ಲಿ ಎ380ಕ್ಕೆ ಆ ಪರೀಕ್ಷೆ ನಡೆಯಿತು. ಕತ್ತಲು, ಹದಿನಾರರಲ್ಲಿ ಎಂಟೇ ಬಾಗಿಲು. ಒಳಗೆ 853 ಜನ ಪ್ರಯಾಣಿಕರು, 20 ಸಿಬ್ಬಂದಿ. ಎಲ್ಲರೂ ಹೊರಗೆ ಬಂದದ್ದು 78 ಸೆಕೆಂಡಿನಲ್ಲಿ. ಸೆಕೆಂಡಿಗೆ ಹನ್ನೊಂದು ಜನ! ಆ ಸಮವಸ್ತ್ರದವರು ಕಲಿಯುವ ಮುಖ್ಯ ವಿದ್ಯೆ ಇದು.

ಇನ್ನು ದಾರಿ ತೋರಿಸುವವರು, ಅಂದರೆ ವಾಯು ಸಂಚಾರ ನಿಯಂತ್ರಕರು (ಎಟಿಸಿ). ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ನೋಡಿಕೊಳ್ಳುವ ವಾಯುಪ್ರದೇಶ ಸುಮಾರು 96 ಲಕ್ಷ ಚದರ ಕಿ.ಮೀ. ಸಮುದ್ರದ ಮೇಲಿನ ಆಕಾಶವೂ ಸೇರಿ ಅದು ದೇಶದ ನೆಲದ ಹತ್ತಿರ ಹತ್ತಿರ ಮೂರು ಪಟ್ಟು. ರೇಡಾರ್ ಕಣ್ಣಿನಡಿ ಒಂದೇ ಎತ್ತರದಲ್ಲಿ ಹಾರುವ ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ 9 ಕಿ.ಮೀ. ಅಂತರವಿರಬೇಕು. ಬಹಳ ಎನಿಸುತ್ತದೆಯೇ? ಎದುರುಬದುರು ಗಂಟೆಗೆ 900 ಕಿ.ಮೀ. ವೇಗದಲ್ಲಿ ಬಂದರೆ ಅವು ಸೆಕೆಂಡಿಗೆ ಅರ್ಧ ಕಿ.ಮೀ. ಹತ್ತಿರವಾಗುತ್ತವೆ. ಆ ಅಂತರ 18 ಸೆಕೆಂಡಿನಲ್ಲಿ ಕರಗುತ್ತದೆ. 2024ರ ನವೆಂಬರ್ 17ರಂದು ದೇಶದೊಳಗೇ ಒಂದು ದಿನಕ್ಕೆ ಐದು ಲಕ್ಷಕ್ಕೂ ಹೆಚ್ಚು ಜನ ಹಾರಿದರು, ಅಷ್ಟು ಜನ ಹಾರಿದ್ದು ಅದೇ ಮೊದಲು. ಅವರ ವಿಮಾನಗಳನ್ನೆಲ್ಲ ದೂರ ದೂರ ಇರಿಸಿದ್ದು ಎಟಿಸಿಯ ಧ್ವನಿಗಳು. ಭೌತಶಾಸ್ತ್ರ ಮತ್ತು ಗಣಿತ ಇಟ್ಟುಕೊಂಡು ಬಿ.ಎಸ್ಸಿ. ಮಾಡಿದವರು ಈ ಹುದ್ದೆಗೆ ಅರ್ಜಿ ಹಾಕಬಹುದು, ವಯಸ್ಸಿನ ಮಿತಿ 27, ಮೀಸಲಾತಿಯ ಸಡಿಲಿಕೆ ಬೇರೆ. ಆಯ್ಕೆಯಾದರೆ ಪ್ರಾಧಿಕಾರವೇ ಪ್ರಯಾಗರಾಜ್, ಹೈದರಾಬಾದ್‌ನಂಥ ಕೇಂದ್ರಗಳಲ್ಲಿ ಕಲಿಸುತ್ತದೆ. ಭಾಲ್ಕಿ, ಬೀದರ್, ಔರಾದ್ ಸೀಮೆಯಲ್ಲಿ ಬಿ.ಎಸ್ಸಿ. ಮುಗಿಸಿ ಬಿ.ಇಡಿ. ಸೀಟಿಗೆ ಕಾಯುವ ಎಷ್ಟು ಜನಕ್ಕೆ ಇದು ಗೊತ್ತಿದೆ?

ಇಂಧನ ಎಷ್ಟು ತುಂಬಬೇಕು ಎಂಬ ಲೆಕ್ಕಕ್ಕೂ ಒಬ್ಬರು ಬೇಕು, ಅವರು ಫ್ಲೈಟ್ ಡಿಸ್ಪ್ಯಾಚರ್. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳೆಯರ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ಬಂತು. ನೇರ ದೂರವೇ 14,000 ಕಿ.ಮೀ., ಹಾರಿದ್ದು ಹದಿನೇಳು ಗಂಟೆಯ ಸುಮಾರು. ಅವರು ಹಾರಿಸಿದ ಬೋಯಿಂಗ್ 777-200ಎಲ್‌ಆರ್ ಬಗೆಯ ವಿಮಾನದ ಟ್ಯಾಂಕಿಗೆ ಹಿಡಿಯುವ ಇಂಧನ 1.81 ಲಕ್ಷ ಲೀಟರ್. ಬೇಸಿಗೆಯಲ್ಲಿ ನಮ್ಮೂರ ಓಣಿಗೆ ಬರುವ 5,000 ಲೀಟರಿನ ನೀರಿನ ಟ್ಯಾಂಕರ್ 36 ಸಲ ಬಂದಂತೆ. ಕಡಿಮೆ ತುಂಬಿದರೆ ಅಪಾಯ, ಹೆಚ್ಚು ತುಂಬಿದರೆ ಆ ಭಾರ ಹೊರಲೇ ಇಂಧನ ಸುಡುತ್ತದೆ.

ನೆಲಕ್ಕೆ ಬಂದರೆ, ರನ್‌ವೇಯ ಯಾವ ತುದಿಯಲ್ಲಿ ಅವಘಡವಾದರೂ ಅಗ್ನಿಶಾಮಕ ವಾಹನ ಮೂರು ನಿಮಿಷದೊಳಗೆ ಮುಟ್ಟಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಪಿಯುಸಿ ಪಾಸಾಗಿ ವಾಹನ ಚಾಲನಾ ಲೈಸೆನ್ಸ್ ಇದ್ದು, ಮೈಕಟ್ಟು ಗಟ್ಟಿಯಿದ್ದವರಿಗೆ ಅಲ್ಲಿ ಸರ್ಕಾರಿ ಕೆಲಸವಿದೆ. 2014ರಲ್ಲಿ ದೇಶದಲ್ಲಿ ಬಳಕೆಯಲ್ಲಿದ್ದ ನಿಲ್ದಾಣಗಳು 74, ಹತ್ತು ವರ್ಷದಲ್ಲಿ ಅವು 150 ದಾಟಿದವು. 2020ರ ಫೆಬ್ರುವರಿ 7ರಂದು ಶುರುವಾದ ನಮ್ಮ ಬೀದರ್ ಟರ್ಮಿನಲ್ ಅವುಗಳಲ್ಲಿ ಒಂದು. ಒಂದೊಂದಕ್ಕೂ ಇಂಥ ಅಗ್ನಿಶಾಮಕ ಪಡೆ ಬೇಕೇ ಬೇಕು.

ವಿಮಾನ ಕಟ್ಟುವ ಕೆಲಸದಲ್ಲಂತೂ ಕರ್ನಾಟಕ ದೇಶಕ್ಕೇ ಮುಂದು. 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಎಲ್ ಕೈಯಲ್ಲಿ ಈಗ 2021ರ 83 ಮತ್ತು 2025ರ 97 ಸೇರಿ 180 ತೇಜಸ್ ಮಾರ್ಕ್ 1ಎ ಯುದ್ಧವಿಮಾನಗಳ ಬೇಡಿಕೆ ಇದೆ. ದೇವನಹಳ್ಳಿಯಲ್ಲಿ ಬೋಯಿಂಗ್ 43 ಎಕರೆಯಲ್ಲಿ ಎಂಜಿನಿಯರಿಂಗ್ ಕೇಂದ್ರ ಕಟ್ಟಿದೆ. ಬೆಳಗಾವಿಯ ಏಕಸ್ ಕಾರ್ಖಾನೆಗಳಿಂದ ಏರ್‌ಬಸ್‌ಗೆ ಬಿಡಿಭಾಗ ಹೋಗುತ್ತದೆ. ಇಂಥ ಕಡೆಗಳಲ್ಲಿ ಎಂಜಿನಿಯರುಗಳಷ್ಟೇ ಅಲ್ಲ, ಫಿಟ್ಟರ್, ಟರ್ನರ್, ಸಿಎನ್‌ಸಿ ಯಂತ್ರ ನಡೆಸುವವರು ಬೇಕು. ಎಚ್‌ಎಎಲ್ ಐಟಿಐ ಮಕ್ಕಳನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ. ಹುಮನಾಬಾದ್‌ನಲ್ಲೇ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇದೆ. ಎಸ್ಸೆಸ್ಸೆಲ್ಸಿ ಆದವರು ಅಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾ ಮಾಡಬಹುದು. ಹೊಲ ಮಾರದೆ ವಿಮಾನದ ಹತ್ತಿರ ಹೋಗುವ ದಾರಿ ಅದು.

ನಮ್ಮ ಜಿಲ್ಲೆ ನೀಟ್ ತರಬೇತಿಗೆ ಹೆಸರು ಮಾಡಿದೆ, ಸಂತೋಷ. ಆದರೆ ನೀಟ್‌ಗೆ ಬೇಡವೆಂದು ಗಣಿತವನ್ನು ಬರೀ ಪಾಸಾಗುವ ಮಟ್ಟಿಗೆ ಬಿಡುವ ಮಕ್ಕಳು ತಮಗೆ ತಿಳಿಯದೆಯೇ ಇಲ್ಲಿ ಹೇಳಿದ ಬಹುಪಾಲು ಕೆಲಸಗಳನ್ನು ಕೈಬಿಡುತ್ತಿದ್ದಾರೆ. ಇಂಗ್ಲಿಷಿನ ಭಯವೂ ಇದೆ. ಪೈಲಟ್‌ಗೂ ಎಟಿಸಿಗೂ ಅಂತರರಾಷ್ಟ್ರೀಯ ನಿಯಮ ಕೇಳುವುದು ಆರು ಮಟ್ಟಗಳಲ್ಲಿ ನಾಲ್ಕನೆಯದು: ಹೇಳಿದ್ದು ತಿಳಿಯಬೇಕು, ತಾನು ಹೇಳಿದ್ದು ತಿಳಿಸಬೇಕು. ಗೊರೂರಿನ ಕನ್ನಡ ಶಾಲೆಯಲ್ಲಿ ಓದಿದ ಮೇಷ್ಟ್ರ ಮಗ ಜಿ.ಆರ್. ಗೋಪಿನಾಥ್ ಸೈನ್ಯಕ್ಕೆ ಹೋಗಿ, ಬೇಸಾಯ ಮಾಡಿ, 2003ರಲ್ಲಿ ಹುಬ್ಬಳ್ಳಿ–ಬೆಂಗಳೂರು ನಡುವೆ ಏರ್ ಡೆಕ್ಕನ್ ವಿಮಾನ ಸಂಸ್ಥೆಯ ಸೇವೆ ಶುರು ಮಾಡಿದರು. ಮನೆಯಲ್ಲಿ ಕನ್ನಡ, ಮರಾಠಿ, ದಖನಿ ಮೂರೂ ಕೇಳಿ ಬೆಳೆದ ನಮ್ಮ ಗಡಿಯ ಮಕ್ಕಳಿಗೆ ನಾಲ್ಕನೆಯ ಭಾಷೆಯೊಂದು ಕಷ್ಟವಲ್ಲ.

ಮಗ ಅಥವಾ ಮಗಳು ಪೈಲಟ್ಟೇ ಆಗುತ್ತೇನೆ ಎಂದು ಹಟ ಹಿಡಿದಿದ್ದರೆ ಅಪ್ಪ ಅವ್ವಂದಿರಲ್ಲಿ ಒಂದು ವಿನಂತಿ. ಯಾವ ಶಾಲೆಗೂ, ಯಾವ ಏಜೆಂಟರಿಗೂ ಒಂದು ರೂಪಾಯಿ ಮುಂಗಡ ಕೊಡುವ ಮೊದಲು ಡಿಜಿಸಿಎ ಮಾನ್ಯ ಮಾಡಿದ ವೈದ್ಯರ ಬಳಿ ಎರಡನೇ ದರ್ಜೆಯ, ಆಮೇಲೆ ಒಂದನೇ ದರ್ಜೆಯ ವೈದ್ಯಕೀಯ ಪರೀಕ್ಷೆ ಮಾಡಿಸಿ. ಬಣ್ಣ ಗುರುತಿಸುವ ಕಣ್ಣು, ಕಿವಿ, ಹೃದಯ ಎಲ್ಲ ಸರಿಯಿದೆ ಎಂಬ ಕಾಗದ ಕೈಗೆ ಬರಲಿ. ಹೊಲದ ಕಾಗದ ಅಲ್ಲಿಯವರೆಗೂ ಪೆಟ್ಟಿಗೆಯಲ್ಲೇ ಇರಲಿ.