ಕಿವಿಗೆ ತಕ್ಕ ಮಾನಿಟರ್: ಡ್ರೈವರ್ ಎಣಿಸುವ ಮುಂಚೆ

ಕಳೆದ ವರ್ಷದ ರಾಜ್ಯೋತ್ಸವದ ಸಂಜೆ ನಮ್ಮ ಬ್ಯಾಂಡಿನ ಐದೂ ಜನಕ್ಕೆ ಚೆನ್ನಾಗಿ ನೆನಪಿದೆ. ಬಾಡಿಗೆಗೆ ತಗೊಂಡಿದ್ದ ಸಣ್ಣ ಹಾಲ್, ನೆಲದ ಮೇಲೆ ಎರಡು ಸ್ಟೇಜ್ ಮಾನಿಟರ್. ಹಾಡುವವಳಿಗೆ ತನ್ನ ದನಿಯೇ ಕೇಳಿಸುತ್ತಿಲ್ಲ ಅಂತ ಮೈಕ್ ಏರಿಸಿದೆವು. ಆಗ ಗಿಟಾರ್ ಮುಚ್ಚಿಹೋಯಿತು, ಅದನ್ನೂ ಏರಿಸಿದೆವು. ಡ್ರಮ್ಸ್‌ನವನು ಇನ್ನೂ ಜೋರಾಗಿ ಬಾರಿಸಿದ. ಜನ ಚಪ್ಪಾಳೆ ತಟ್ಟಿದರು, ಬಿಸಿಬೇಳೆಬಾತ್ ತಿಂದು ಮನೆಗೆ ಹೋದೆವು. ಆದರೆ ಡ್ರಮ್ಸ್‌ನವನ ಕಿವಿಯಲ್ಲಿ ಗುಂಯ್ ಅನ್ನೋ ಸದ್ದು ಎರಡು ದಿನ ನಿಲ್ಲಲಿಲ್ಲ. ಮೂರನೆಯ ದಿನ ನಿಂತಿತು. ಅಷ್ಟರಲ್ಲಿ ನಾವೆಲ್ಲ ಸಾಕಷ್ಟು ಹೆದರಿದ್ದೆವು.

ಈ ಸಮಸ್ಯೆ ಹಳೆಯದು. 1995ರಲ್ಲಿ ವ್ಯಾನ್ ಹೇಲನ್ ಬ್ಯಾಂಡಿನ ಸೌಂಡ್ ಎಂಜಿನಿಯರ್ ಜೆರ್ರಿ ಹಾರ್ವಿ, ಡ್ರಮ್ಮರ್ ಅಲೆಕ್ಸ್ ವ್ಯಾನ್ ಹೇಲನ್‌ಗಾಗಿ ಕಿವಿಯ ಅಳತೆಗೇ ಮಾನಿಟರ್ ಮಾಡಿಕೊಟ್ಟರು. ಅಲ್ಟಿಮೇಟ್ ಇಯರ್ಸ್ ಕಂಪನಿ ಹುಟ್ಟಿದ್ದು ಅಲ್ಲಿಂದ. ಇವತ್ತು ನಾವು ಕಸ್ಟಮ್ ಇನ್-ಇಯರ್ ಮಾನಿಟರ್ ಅನ್ನೋದು ಇದೇ ಜಾತಿಯದು.

ಮೊದಲು ಅಳತೆ

ನಾವಿರುವ ಜರ್ಮನಿಯಲ್ಲಿ ಶ್ರವಣಸಾಧನ ಮಾರುವ ಅಂಗಡಿಗಳಲ್ಲೇ ಕಿವಿಯ ಅಚ್ಚು ತೆಗೆಯುತ್ತಾರೆ. ಮೊದಲು ದಾರ ಕಟ್ಟಿದ ಸಣ್ಣ ಸ್ಪಂಜನ್ನು ಕಿವಿಯ ನಾಳದ ಎರಡನೇ ತಿರುವಿನಾಚೆ ಇಡುತ್ತಾರೆ, ಕಿವಿತಮಟೆಗೆ ಪೆಟ್ಟಾಗದಿರಲಿ ಅಂತ. ಆಮೇಲೆ ಮೆತ್ತನೆಯ ಸಿಲಿಕೋನ್ ತುಂಬುತ್ತಾರೆ. ಕೆಲವೇ ನಿಮಿಷದಲ್ಲಿ ಅದು ಗಟ್ಟಿಯಾಗುತ್ತದೆ. ಆ ಹೊತ್ತಿಗೆ ಹಲ್ಲಿನ ನಡುವೆ ಒಂದು ತುಂಡು ಕಚ್ಚಿಕೊಂಡು ಬಾಯಿ ತೆರೆದಿರಬೇಕು. ದವಡೆ ಆಡಿದರೆ ನಾಳದ ಆಕಾರ ಬದಲಾಗುತ್ತದಲ್ಲ, ಬಾಯಿ ಮುಚ್ಚಿ ತೆಗೆದ ಅಚ್ಚಿನ ಮಾನಿಟರ್ ಹಾಡುವಾಗ ಸಡಿಲವಾಗಬಹುದು.

ಸಡಿಲವಾದರೆ ಏನಾಗುತ್ತೆ? ಕೆಳಸ್ವರಗಳೆಲ್ಲ ಸೋರಿಹೋಗುತ್ತವೆ. ನಮ್ಮ ಗಿಟಾರಿಸ್ಟ್ ಇದನ್ನು ದುಡ್ಡು ಕೊಟ್ಟು ಕಲಿತ. ಹತ್ತು ಡ್ರೈವರ್ ಇದೆ ಅಂತ ಒಂದು ಸಿದ್ಧ ಮಾಡೆಲ್ ತರಿಸಿದ. ಬೇಸ್ ಇಲ್ಲವೇ ಇಲ್ಲ, 'ಸ' ಕಾರಗಳೆಲ್ಲ ಚುಚ್ಚುತ್ತಿದ್ದವು. ಒಂದು ವಾರ ಗೊಣಗಿದ ಮೇಲೆ ರಬ್ಬರ್ ತುದಿ ತೆಗೆದು ದೊಡ್ಡ ಫೋಮ್ ತುದಿ ಹಾಕಿ ನೋಡಿದೆವು. ಬೇಸ್ ಬಂತು! 'ಸ' ಮಾತ್ರ ಚುಚ್ಚುವುದು ಬಿಡಲಿಲ್ಲ. ಅದಕ್ಕೆ ಕಾರಣ ಒಳಗಿತ್ತು.

ಒಳಗೆ ಏನಿದೆ

ಡ್ರೈವರ್ ಅಂದರೆ ಪುಟ್ಟ ಸ್ಪೀಕರ್, ಅಷ್ಟೇ. ಮುಖ್ಯವಾಗಿ ಎರಡು ಬಗೆ. ಡೈನಾಮಿಕ್ ಡ್ರೈವರ್ ದೊಡ್ಡ ಸ್ಪೀಕರಿನ ಚಿಕ್ಕ ರೂಪ: ಅಯಸ್ಕಾಂತ, ಸುರುಳಿ, ಪರದೆ. ಅದು ಹೆಚ್ಚು ಗಾಳಿ ತಳ್ಳುತ್ತದೆ, ಹಾಗಾಗಿ ಬೇಸ್ ತುಂಬಿಕೊಂಡಿರುತ್ತದೆ. ಬ್ಯಾಲೆನ್ಸ್ಡ್ ಆರ್ಮೇಚರ್ ಶ್ರವಣಸಾಧನಗಳಿಂದ ಬಂದದ್ದು. ಎರಡು ಅಯಸ್ಕಾಂತಗಳ ನಡುವೆ ಸಮತೋಲದಲ್ಲಿ ನಿಂತ ಲೋಹದ ಪಟ್ಟಿ ಅಲುಗಿ, ಸಣ್ಣ ಕಡ್ಡಿಯ ಮೂಲಕ ಪರದೆಯನ್ನು ತಳ್ಳುತ್ತದೆ. ತುಂಬ ಚಿಕ್ಕದು, ಚುರುಕು. ಆದರೆ 20ರಿಂದ 20,000 ಹರ್ಟ್ಸ್‌ವರೆಗಿನ ಎಲ್ಲವನ್ನೂ ಒಂದೇ ಆರ್ಮೇಚರ್ ಕೈಲಿ ಜೋರಾಗಿ, ಸಮನಾಗಿ ನುಡಿಸುವುದು ಕಷ್ಟ. ಅದಕ್ಕೇ ಕೆಲಸ ಹಂಚುತ್ತಾರೆ: ಒಂದು ಬೇಸ್‌ಗೆ, ಒಂದು ದನಿಗೆ, ಒಂದು ಮೇಲಿನ ಸ್ವರಕ್ಕೆ.

ಮದುವೆ ಮನೆಯ ಅಡುಗೆ ನೆನಪಿಸಿಕೊಳ್ಳಿ. ಸಾರಿಗೊಬ್ಬರು, ಪಲ್ಯಕ್ಕೊಬ್ಬರು. ಯಾರಿಗೆ ಯಾವ ಕೆಲಸ ಅಂತ ಹೇಳುವ ಹಿರಿಯ ಭಟ್ಟರೇ ಇಲ್ಲಿ ಕ್ರಾಸ್‌ಓವರ್, ಅಂದರೆ ಕಂಪನಗಳನ್ನು ಹಂಚುವ ಸರ್ಕ್ಯೂಟ್. ಎರಡು ಡ್ರೈವರ್‌ಗಳ ಗಡಿಯಲ್ಲಿ ಇಬ್ಬರೂ ಒಂದೇ ಸ್ವರ ನುಡಿಸುತ್ತಾರೆ. ಅಲೆಗಳು ಹೊಂದಿಕೊಂಡು ಬರದಿದ್ದರೆ ಒಂದನ್ನೊಂದು ತಿಂದುಹಾಕುತ್ತವೆ, ಅಲ್ಲೊಂದು ಗುಂಡಿ ಬೀಳುತ್ತದೆ. ಡ್ರೈವರ್ ಹೆಚ್ಚಾದಷ್ಟೂ ಹೊಂದಿಸುವ ತಲೆನೋವು ಹೆಚ್ಚು.

ಆದ್ದರಿಂದ ಬರೀ ಸಂಖ್ಯೆ ನೋಡಿ ಏನೂ ಹೇಳೋಕಾಗಲ್ಲ. 1991ರಲ್ಲಿ ಬಂದ ಎಟಿಮೋಟಿಕ್ ಇಆರ್-4ರಲ್ಲಿ ಇದ್ದದ್ದು ಒಂದೇ ಆರ್ಮೇಚರ್. ಇಂದಿಗೂ ಆ ಸಾಲಿನ ಮಾಡೆಲ್‌ಗಳಿಗೆ ಗೌರವವಿದೆ. ಶೂರ್ ಎಸ್‌ಇ846ರಲ್ಲಿ ನಾಲ್ಕಿವೆ. ಎರಡೂ ತಮ್ಮ ತಮ್ಮ ಜಾಗದಲ್ಲಿ ಒಳ್ಳೆಯವೇ.

ಎಂಜಿನಿಯರಿಂಗ್ ಓದಿದವರಿಗೆ ಇನ್ನೊಂದು ಮಾತು. ಹಲವು ಆರ್ಮೇಚರ್‌ಗಳ ಮಾನಿಟರಿನ ಇಂಪೀಡೆನ್ಸ್ ಒಂದೊಂದು ಕಂಪನಕ್ಕೆ ಒಂದೊಂದು ಥರ ಇರುತ್ತದೆ. ಸದ್ದು ಕೊಡುವ ಸಾಧನದ ಔಟ್‌ಪುಟ್ ಇಂಪೀಡೆನ್ಸ್ ಹೆಚ್ಚಾದರೆ ನಾದವೇ ಬದಲಾಗುತ್ತದೆ. ಅದು ಮಾನಿಟರಿನ ಇಂಪೀಡೆನ್ಸ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ ಅನ್ನೋದು ರೂಢಿಯ ಲೆಕ್ಕ.

ನಾವು ಏನು ಮಾಡಿದೆವು

ಅಚ್ಚಿನಿಂದ ಮಾಡಿಸಿದ್ದನ್ನು ಬೇರೆಯವರ ಕಿವಿಗೆ ಹಾಕೋಕಾಗಲ್ಲ, ಹಾಗಾಗಿ ಮರಳಿ ಮಾರುವುದೂ ಕಷ್ಟ. ನಮ್ಮ ಪಾರ್ಟ್‌ಟೈಮ್ ಸಂಬಳದಲ್ಲಿ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಹಾಗಾಗಿ ಕಸ್ಟಮ್ ಮಾಡಿಸಿದ್ದು ಡ್ರಮ್ಸ್‌ನವನು ಮತ್ತು ಹಾಡುವವಳು ಇಬ್ಬರೇ. ಒಬ್ಬನ ತಲೆ ಆಡುತ್ತಿರುತ್ತದೆ, ಇನ್ನೊಬ್ಬಳ ದವಡೆ. ಉಳಿದ ಮೂವರಿಗೆ ಫೋಮ್ ತುದಿಯ ಸಿದ್ಧ ಮಾಡೆಲ್ ಸಾಕಾಯಿತು. ಸರಿಯಾಗಿ ಕೂತರೆ ಅದೂ ಹೊರಗಿನ ಸದ್ದನ್ನು ಚೆನ್ನಾಗಿಯೇ ತಡೆಯುತ್ತದೆ.

ಆದರೆ ಮಾನಿಟರ್ ತಾನಾಗಿ ಕಿವಿ ಕಾಯುವುದಿಲ್ಲ. ಹೊರಗಿನ ಸದ್ದು ಕಡಿಮೆಯಾಯಿತು ಅಂತ ಒಳಗಿನದನ್ನು ಇಳಿಸಿದರೆ ಮಾತ್ರ ಲಾಭ. ಕೆಲಸದ ಜಾಗದ ಸದ್ದಿಗೆ ಅಮೆರಿಕದ ನಿಯೋಶ್ ಸಂಸ್ಥೆ ಕೊಡುವ ಲೆಕ್ಕ ಹೀಗಿದೆ: 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ, ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧ. 100 ಡೆಸಿಬೆಲ್‌ಗೆ ಬರೀ 15 ನಿಮಿಷ! ಹಾಗೇ, ಜನರ ಚಪ್ಪಾಳೆ ಕೇಳಲಿ ಅಂತ ಒಂದು ಕಿವಿಯದನ್ನು ಕಿತ್ತಿಡಬೇಡಿ. ಆ ಕಿವಿಗೆ ಸ್ಟೇಜಿನ ಸದ್ದೆಲ್ಲ ನೇರ ಬಡಿಯುತ್ತದೆ, ಇನ್ನೊಂದರ ವಾಲ್ಯೂಮ್ ಏರಿಸುತ್ತೀರಿ. ಅದರ ಬದಲು ಜನರ ಕಡೆಗೊಂದು ಮೈಕ್ ಇಟ್ಟು ಮಿಕ್ಸಿಗೆ ಸೇರಿಸಿ.

ಮೊನ್ನೆ ಎರಡು ಗಂಟೆ ಅಭ್ಯಾಸ ಮಾಡಿದೆವು. ಮುಗಿದ ಮೇಲೆ ಡ್ರಮ್ಸ್‌ನವನನ್ನು ಕೇಳಿದೆವು, "ಗುಂಯ್ ಅಂತಿದೆಯೇನೋ?" ಸುಮ್ಮನೆ ಒಂದು ನಿಮಿಷ ಕೂತು ಕೇಳಿಸಿಕೊಂಡ. "ಫ್ರಿಜ್ಜಿನ ಸದ್ದು ಕೇಳಿಸ್ತಿದೆ ಕಣ್ರೋ" ಅಂದ.