ಗಾಳಿಗೆದುರು ಗಾಳ

ಅಟ್ಲಾಂಟಿಕ್ ಸಾಗರದ ಅಂಚಿನಲ್ಲಿರುವ ನ್ಯೂಜೆರ್ಸಿಯ ನಕಾಶೆಯನ್ನು ಬಿಡಿಸಿ ನೋಡಿದವರಿಗೆ, ಕಡಲಿಗೂ ನೆಲಕ್ಕೂ ನಡುವೆ ನೂಲೆಳೆದಂತೆ ಉದ್ದಕ್ಕೆ ಹಬ್ಬಿರುವ ಮರಳಿನ ದ್ವೀಪಗಳೂ, ಆ ದ್ವೀಪಗಳ ಬೆನ್ನಿಗೆ, ಸಾಗರದ ಅಬ್ಬರದಿಂದ ಮರೆಯಾಗಿ ಮಲಗಿರುವ ಒಳಕೊಲ್ಲಿಗಳೂ ಮೊದಲು ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಹೆಸರುವಾಸಿಯಾದ ಬಾರ್ನಗಟ್ ಕೊಲ್ಲಿಯ ಉದ್ದ 60 ಕಿಲೋಮೀಟರಿಗೂ ಮಿಕ್ಕಿದ್ದರೂ ಅದರ ಸರಾಸರಿ ಆಳ ನಿಂತ ಮನುಷ್ಯನ ತಲೆ ಮುಳುಗುವಷ್ಟೂ ಇಲ್ಲ. ಸಾಗರಕ್ಕೂ ಅದಕ್ಕೂ ನಡುವಣ ಬಾಗಿಲುಗಳು ಕಿರಿದಾದ ಕೆಲವೇ ಅಳಿವೆಗಳಾದುದರಿಂದ, ಚಂದ್ರನ ಆಜ್ಞೆಯಂತೆ ಹೊರಗೆ ಏರಿಳಿಯುವ ನೀರು ಒಳಗೆ ಬರುವಷ್ಟರಲ್ಲಿ ತನ್ನ ಬಲದ ಬಹುಭಾಗವನ್ನು ಕಳೆದುಕೊಂಡಿರುತ್ತದೆ. ಅಲ್ಲಿ ಆಳುವುದು ಗಾಳಿ. ಬೇಸಗೆಯಲ್ಲಿ ಬೆಳಗ್ಗೆ ಅಲುಗದೆ ಇದ್ದ ನೀರು, ನೆಲ ಕಾದು ಕಡಲಗಾಳಿ ಏಳುವ ಮಧ್ಯಾಹ್ನದ ಹೊತ್ತಿಗೆ ನೊರೆ ಕಾರತೊಡಗುತ್ತದೆ. ಶರತ್ಕಾಲದಲ್ಲಿ ವಾಯವ್ಯದ ಗಾಳಿ ಎಡೆಬಿಡದೆ ಬೀಸಿತೆಂದರೆ ನೀರೇ ಕೊಲ್ಲಿಯನ್ನು ಬಿಟ್ಟು ಸರಿದು, ಅಚ್ಚಾದ ಉಬ್ಬರವಿಳಿತದ ಪಟ್ಟಿಗಳೆಲ್ಲ ಸುಳ್ಳಾಗುತ್ತವೆ. 1836ರಲ್ಲಿ ವೆಸ್ಟ್ ಕ್ರೀಕ್ ಎಂಬ ಊರಿನ ಹೇಜಲ್‌ಟನ್ ಸೀಮನ್ ಬಾತುಬೇಟೆಗೆಂದು ಕಟ್ಟಿದ ‘ಸ್ನೀಕ್‌ಬಾಕ್ಸ್’ ದೋಣಿ ನೀರಿನ ಮೇಲೆ ಗೇಣುದ್ದವೂ ತಲೆಯೆತ್ತದಂತಿದ್ದುದನ್ನು ನೋಡಿದರೆ, ಗಾಳಿಯೊಡನೆ ಹೇಗೆ ಬಾಳಬೇಕೆಂಬುದನ್ನು ಅಲ್ಲಿಯ ಜನ ಬಹು ಹಿಂದೆಯೇ ಬಲ್ಲವರಾಗಿದ್ದರೆಂದು ತೋರುತ್ತದೆ.

ಇಂಥ ನೀರಿನಲ್ಲಿ ಫ್ಲೈ ಗಾಳ ಹಾಕುವುದೆಂದರೆ, ಆ ವಿದ್ಯೆಯ ಹುಟ್ಟನ್ನು ಬಲ್ಲವರಿಗೆ, ವಿಪರೀತವೆಂದೇ ಕಾಣಬೇಕು. ಸಾಮಾನ್ಯ ಗಾಳದಲ್ಲಿ ಹಾರುವುದು ಸೀಸದ ಗುಂಡು, ಅದನ್ನು ಹಿಂಬಾಲಿಸುವುದು ನೂಲು. ಫ್ಲೈ ಗಾಳದಲ್ಲಿಯಾದರೋ, ಗರಿ ರೋಮಗಳಿಂದ ಕೊಕ್ಕೆಗೆ ಕಟ್ಟಿದ ಕೃತಕ ಆಹಾರಕ್ಕೆ ತೂಕವೆಂಬುದು ಇಲ್ಲವೇ ಇಲ್ಲವೆನ್ನುವಷ್ಟಿರುವುದರಿಂದ ಎಸೆಯಬೇಕಾದುದು ದಪ್ಪ ಹುರಿಯನ್ನೇ. ಆ ಹುರಿ ಕೋಲಿನ ತುದಿಯಿಂದ ಹೊರಟು, ಗಾಳಿಯಲ್ಲಿ ಕುಣಿಕೆಯಾಗಿ ಬಿಚ್ಚಿಕೊಳ್ಳುತ್ತ ಸಾಗಿ, ಕಟ್ಟಕಡೆಗೆ ಗರಿಯನ್ನು ನೀರಿಗಿಳಿಸುತ್ತದೆ. ಟ್ರೌಟ್ ಮೀನಿನ ತೊರೆಗಳ ದಡದಲ್ಲಿ, ಮರಗಳ ಮರೆಯಲ್ಲಿ, ಮಂದಾನಿಲದಲ್ಲಿ ಬೆಳೆದ ಕಲೆಯಿದು. ನಮ್ಮ ನಾಡಿಗೂ ಇದು ತೀರ ಹೊಸತೇನಲ್ಲ. ಮದರಾಸು ಸಿವಿಲ್ ಸರ್ವಿಸಿನ ಎಚ್. ಎಸ್. ಥಾಮಸ್ ಗಾಳದ ಬೇಟೆಯನ್ನು ಕುರಿತು ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮೊದಲು ಅಚ್ಚಾದುದು ಮಂಗಳೂರಿನಲ್ಲಿ. ಆದರೆ ಒಳಕೊಲ್ಲಿಯ ಬಯಲಿನಲ್ಲಿ ಎದುರುಗಾಳಿ ಆ ಕುಣಿಕೆಯನ್ನು ನಡುದಾರಿಯಲ್ಲೇ ಕುಸಿಯಬಡಿಯುತ್ತದೆ. ಪಕ್ಕದ ಗಾಳಿ ಕೊಕ್ಕೆಯನ್ನು ಎಸೆಯುವವನ ಕಿವಿಗೇ ತರುತ್ತದೆ. ಹಾಗಾದರೆ ಗಾಳಿಯಿಲ್ಲದ ದಂಡೆಯನ್ನು ಹುಡುಕಿಕೊಳ್ಳಬಾರದೇ ಎಂದರೆ, ಮೀನು ಒಪ್ಪುವುದಿಲ್ಲ. ಗಾಳಿ ಮೇಲುನೀರನ್ನೂ ಅದರಲ್ಲಿಯ ಸೂಕ್ಷ್ಮಜೀವಿಗಳನ್ನೂ ತಾನು ಬಡಿಯುವ ದಂಡೆಗೆ ಒತ್ತರಿಸುತ್ತದೆ. ಅವುಗಳ ಬೆನ್ನಿಗೆ ಸಿಲ್ವರ್‌ಸೈಡ್ ಮುಂತಾದ ಕಿರುಮೀನುಗಳು, ಕಿರುಮೀನುಗಳ ಬೆನ್ನಿಗೆ ಕದಡಿದ ನೀರಿನ ಮರೆಯಲ್ಲಿ ಸ್ಟ್ರೈಪ್ಡ್ ಬಾಸ್ ಬರುತ್ತವೆ. ಮೀನು ಬೇಕಾದವನು ಗಾಳಿಗೆ ಮುಖಕೊಟ್ಟೇ ನಿಲ್ಲಬೇಕು.

ಈ ಕಷ್ಟಕ್ಕೆ ಪರಿಹಾರ ದೊರೆತ ಬಗೆ ವಿಚಿತ್ರವಾದುದು. ಅದು ಮಹಾದ್ವೀಪವನ್ನು ಅಡ್ಡಲಾಗಿ ದಾಟಿಬಂದಿತು. ಅದಕ್ಕೆ ಮೊದಲೇ ಮೀನೂ ಆ ದಾರಿಯಲ್ಲಿ ಎದುರು ದಿಕ್ಕಿಗೆ ಪ್ರಯಾಣಮಾಡಿತ್ತು. ಸ್ಟ್ರೈಪ್ಡ್ ಬಾಸ್ ಮೂಲತಃ ಅಟ್ಲಾಂಟಿಕ್ ತೀರದ ಮೀನು. 1879ರಲ್ಲಿ ಲಿವಿಂಗ್‌ಸ್ಟನ್ ಸ್ಟೋನ್ ಎಂಬ ಮತ್ಸ್ಯಪಾಲಕನು ನ್ಯೂಜೆರ್ಸಿಯ ನೇವಸಿಂಕ್ ನದಿಯಿಂದ ಹಿಡಿದ ಮರಿಗಳನ್ನು ರೈಲುಗಾಡಿಯಲ್ಲಿ, ನೀರು ಬದಲಿಸುತ್ತ, ಕ್ಯಾಲಿಫೋರ್ನಿಯಕ್ಕೆ ಸಾಗಿಸಿದನು. ಬದುಕಿ ಉಳಿದ 132 ಮೀನುಗಳನ್ನು ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಮೇಲ್ಭಾಗದಲ್ಲಿ ಬಿಡಲಾಯಿತು. 1882ರಲ್ಲಿ ಇನ್ನೊಂದು ಕಂತು ಹೋಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಮೀನು ಸ್ಯಾನ್‌ಫ್ರಾನ್ಸಿಸ್ಕೊ ಪೇಟೆಯಲ್ಲಿ ಮಾರಾಟಕ್ಕೆ ಬಂದಿತು. ಮುಂದೆ ತಾನಾಗಿಯೇ ಕರಾವಳಿಯುದ್ದಕ್ಕೂ ಉತ್ತರಕ್ಕೆ ಹಬ್ಬಿ ಒರೆಗಾನಿನ ಕೂಸ್ ಬೇ ಕೊಲ್ಲಿಯಲ್ಲಿಯೂ ನೆಲೆಸಿತು.

ಪಶ್ಚಿಮದಿಂದ ಇದಕ್ಕೆ ಪ್ರತಿಯಾಗಿ ಬಂದುದು ಕೈಚಳಕ. ಒರೆಗಾನಿನ ಪೋರ್ಟ್‌ಲೆಂಡ್ ನಗರದ ಮಾರ್ವಿನ್ ಹೆಜ್ 1934ರಲ್ಲಿ ಸೇಂಟ್ ಲೂಯಿಸ್‌ನ ರಾಷ್ಟ್ರೀಯ ಸ್ಪರ್ಧೆಯಲ್ಲಿ 147 ಅಡಿ ದೂರಕ್ಕೆ ಹುರಿಯನ್ನೆಸೆದು ಹಿಂದಿನ ದಾಖಲೆಯನ್ನು ಮುರಿದನು. ಬಲಗೈ ಕೋಲನ್ನು ಹಿಂದಕ್ಕೆ ಬೀಸುವಾಗ ಎಡಗೈ ಹುರಿಯನ್ನೊಮ್ಮೆ ಕೆಳಕ್ಕೆ ಸೆಳೆದು, ಹುರಿ ಹಿಂದೆ ಚಾಚಿಕೊಳ್ಳುವಾಗ ಮೇಲಕ್ಕೆ ಬಿಟ್ಟುಕೊಟ್ಟು, ಮುಂದಕ್ಕೆ ಬೀಸುವಾಗ ಮತ್ತೊಮ್ಮೆ ಸೆಳೆಯುವ ಈ ಡಬಲ್ ಹಾಲ್ ಪದ್ಧತಿಯಿಂದ, ತೋಳಿನ ಶ್ರಮ ಹೆಚ್ಚದೆಯೇ ಹುರಿಯ ವೇಗ ಹೆಚ್ಚುತ್ತದೆ. 1938ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರದ ಗೋಲ್ಡನ್ ಗೇಟ್ ಉದ್ಯಾನದಲ್ಲಿ, ಎಸೆತದ ಅಭ್ಯಾಸಕ್ಕೆಂದೇ ಕಾಂಕ್ರೀಟಿನ ಕೊಳಗಳನ್ನು ಕಟ್ಟಿದರು. ಮೀನೊಂದೂ ಇಲ್ಲದ ಆ ಕೊಳಗಳ ಬದಿಯಲ್ಲಿ ನಿಂತು ಅಳತೆಗೋಲಿನ ಮುಂದೆ ಹುರಿ ಬೀಸುತ್ತಿದ್ದವರನ್ನು ಕಂಡು ನಕ್ಕವರು ಹಲವರಿದ್ದಿರಬೇಕು. ಆದರೂ ದಪ್ಪವಾದ ಗಿಡ್ಡ ಹುರಿಯ ಹಿಂದೆ ತೆಳುವಾದ ನೈಲಾನ್ ಎಳೆಯನ್ನು ಕಟ್ಟಿ ದೂರಕ್ಕೆ ಚಿಮ್ಮಿಸುವ ಉಪಾಯವನ್ನು ಪಳಗಿಸಿದವರು ಅವರೇ. ಉಪ್ಪುನೀರಿನ ಬಿರುಗಾಳಿಯಲ್ಲಿ ಕೆಲಸಕ್ಕೆ ಬಂದ ಆಯುಧಗಳಲ್ಲಿ ಕೆಲವು ಸಿದ್ಧವಾದುದು, ವಿಲಕ್ಷಣವೆಂದರೆ, ಊರೊಳಗಣ ಸಿಹಿನೀರಿನ ತೊಟ್ಟಿಗಳಲ್ಲಿ.

ಎರಡು ತೀರಗಳನ್ನು ಹೊಲಿದವನು ಬಾಲ್ಟಿಮೋರಿನ ಜೋ ಬ್ರೂಕ್ಸ್. 1947ರಲ್ಲಿ ಫ್ಲಾರಿಡದ ಇಸ್ಲಮೊರಾಡದಲ್ಲಿ, ಜಿಮ್ಮಿ ಆಲ್‌ಬ್ರೈಟ್ ಎಂಬ ದೋಣಿಗನೊಡನೆ ಹೋಗಿ, ಉದ್ದೇಶಪೂರ್ವಕವಾಗಿಯೇ ಫ್ಲೈ ಗಾಳದಿಂದ ಬೋನ್‌ಫಿಶ್ ಹಿಡಿದು ಹೆಸರಾದವನು ಈತ. ಮರುವರ್ಷ ಕೂಸ್ ಬೇಯಲ್ಲಿ 29 ಪೌಂಡು 6 ಔನ್ಸಿನ ಸ್ಟ್ರೈಪ್ಡ್ ಬಾಸ್ ಹಿಡಿದು ಆ ಕಾಲದ ದಾಖಲೆ ಸ್ಥಾಪಿಸಿದನು. ನ್ಯೂಜೆರ್ಸಿಯಿಂದ ರೈಲೇರಿ ಹೋದ ಮರಿಗಳ ಸಂತತಿಯೇ ಆ ಮೀನೆಂಬುದನ್ನು ನೆನೆದರೆ ಈ ದಾಖಲೆಗೆ ಬೇರೊಂದು ಸ್ವಾರಸ್ಯ ಒದಗುತ್ತದೆ. 1950ರಲ್ಲಿ ಹೊರಬಂದ ಅವನ ‘ಸಾಲ್ಟ್ ವಾಟರ್ ಫ್ಲೈ ಫಿಶಿಂಗ್’ ಗ್ರಂಥ, ಇದು ಕೆಲವರ ಹುಚ್ಚಲ್ಲ, ಕಲಿಯಬಹುದಾದ ವಿದ್ಯೆ ಎಂಬ ಭಾವನೆಯನ್ನು ನೆಲೆಗೊಳಿಸಿತು. ಅದೇ 1947ರಲ್ಲಿ ಅವನು ಮೇರಿಲ್ಯಾಂಡಿನ ತರುಣನೊಬ್ಬನೊಡನೆ ಪೊಟೋಮ್ಯಾಕ್ ನದಿಗೆ ಹೋಗಿದ್ದನು. ಗಾಳಿ ಬೀಸುತ್ತಿದ್ದುದನ್ನು ಕಂಡ ತರುಣ ತನ್ನ ಸಾದಾ ಗಾಳದ ಕೋಲನ್ನು ನೀಡಹೋದನಂತೆ. ಬ್ರೂಕ್ಸ್ ಸೌಜನ್ಯದಿಂದಲೇ ನಿರಾಕರಿಸಿ ಫ್ಲೈ ಕೋಲಿನಿಂದಲೇ ಮೀನು ಹಿಡಿದು ತೋರಿಸಿದನಂತೆ. ಆ ತರುಣನೇ ಮುಂದೆ ಲೋಕವೆಲ್ಲ ಲೆಫ್ಟಿ ಎಂದು ಕರೆದ ಬರ್ನಾರ್ಡ್ ಕ್ರೇ. 1950ರ ದಶಕದ ಕೊನೆಯಲ್ಲಿ ಚೆಸಾಪೀಕ್ ಕೊಲ್ಲಿಯ ಬಾಸ್‌ಗಾಗಿ ಅವನು ಕಟ್ಟಿದ ‘ಡಿಸೀವರ್’ ಎಂಬ ಫ್ಲೈನಲ್ಲಿ ಉದ್ದನೆಯ ಗರಿಗಳು ಕೊಕ್ಕೆಯ ಹಿಂತುದಿಯಲ್ಲಿರುತ್ತವೆ. ಹಾರುವಾಗ ಕೊಕ್ಕೆಗೆ ಸುತ್ತಿಕೊಳ್ಳದೆ, ನೀರಿನಿಂದೆತ್ತಿದೊಡನೆ ತೆಳುವಾಗಿ ಮುದುಡಿ, ಗಾಳಿಯನ್ನು ಸೀಳಿಕೊಂಡು ಹೋಗುವಂತೆ ಅದರ ರಚನೆ. 1991ರಲ್ಲಿ ಅಮೆರಿಕದ ಅಂಚೆಚೀಟಿಯ ಮೇಲೂ ಅದು ಕಾಣಿಸಿಕೊಂಡಿತು. ಗಡಿಯಾರದ ಹತ್ತರಿಂದ ಒಂದರವರೆಗೆ ಮಾತ್ರ ಕೋಲನ್ನಾಡಿಸಬೇಕೆಂಬ ಹಳೆಯ ಪಾಠವನ್ನು ಕ್ರೇ 1965ರಲ್ಲಿ ‘ಔಟ್‌ಡೋರ್ ಲೈಫ್’ ಪತ್ರಿಕೆಯಲ್ಲಿ ಬಹಿರಂಗವಾಗಿಯೇ ತಿರಸ್ಕರಿಸಿದನು. ಗಾಳಿಗೆದುರಾಗಿ ದೂರ ಎಸೆಯಬೇಕಾದವನು ಕೋಲನ್ನು ಬಹು ಹಿಂದಕ್ಕೆ ಒಯ್ದು, ಮೈಯನ್ನೂ ತಿರುಗಿಸಿ ಬೀಸಬೇಕೆಂಬುದು ಅವನ ವಾದ. ಸಂಪ್ರದಾಯಸ್ಥರು ಕೆರಳಿದರು. ತೊರೆಯ ಪಾಠವನ್ನು ಕಡಲಿಗೆ ಹೇರುವವರ ಕೋಪಕ್ಕೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲವೆಂದು ನನ್ನ ಎಣಿಕೆ.

ಅದೇ ವರ್ಷ ಬಾರ್ನಗಟ್ ಕೊಲ್ಲಿಯ ಪಕ್ಕದ ಟಾಮ್ಸ್ ರಿವರ್ ಊರಿನಲ್ಲಿ ಉಪ್ಪುನೀರಿನ ಫ್ಲೈ ಗಾಳಗಾರರ ರಾಷ್ಟ್ರೀಯ ಸಂಘವೊಂದು ಹುಟ್ಟಿತು. ವಿದ್ಯೆ ಹೀಗೆ ಕೊಲ್ಲಿಯ ದಡಕ್ಕೆ ಬಂದು ನಿಂತಿತು. ದ್ವೀಪದ ಮೇಲಿನ ಸೀಸೈಡ್ ಪಾರ್ಕಿನ ಬಾಬ್ ಪೋಪೊವಿಕ್ಸ್, ಬ್ಲೂಫಿಶ್ ಮೀನುಗಳ ಹಲ್ಲಿಗೆ ಸಿಕ್ಕಿ ತನ್ನ ಫ್ಲೈಗಳೆಲ್ಲ ಚಿಂದಿಯಾಗುವುದನ್ನು ಕಂಡು ಅವುಗಳಿಗೆ ಎಪಾಕ್ಸಿ ಅಂಟಿನ ಲೇಪ ಕೊಟ್ಟನು; ‘ಸರ್ಫ್ ಕ್ಯಾಂಡಿ’ ಎಂದು ಹೆಸರಾದ ಆ ಗಟ್ಟಿ ಕಿರುಮೀನು ಹಲ್ಲಿಗೆ ಬಗ್ಗದಾದುದಲ್ಲದೆ, ಸಣ್ಣದೂ ನುಣುಪೂ ಆದುದರಿಂದ ಗಾಳಿಗೂ ಬಗ್ಗದಾಯಿತು. ಅವನೊಡನೆ ಪುಸ್ತಕ ಬರೆದ ಎಡ್ ಜವೊರೊವ್‌ಸ್ಕಿ ವಿಲ್ಲನೋವಾ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಭಾಷೆಗಳನ್ನು ಬೋಧಿಸಿದ ವಿದ್ವಾಂಸ; ಎಸೆತವನ್ನು ಕುರಿತ ಅವನ 1992ರ ಗ್ರಂಥದಲ್ಲಿ ವ್ಯಾಕರಣದ ಶಿಸ್ತು ಸುಳಿಯುವುದು ಆಶ್ಚರ್ಯವಲ್ಲ.

ಇಂದು ಕೊಲ್ಲಿಯಲ್ಲಿ ನುರಿತವನು ಗಾಳಿಯ ದಿಕ್ಕಿಗೆ ತಕ್ಕಂತೆ ಕೈ ಬದಲಿಸುತ್ತಾನೆ. ಗಾಳಿ ಎದುರಿಗಿದ್ದರೆ ಹಿಂದಿನ ಬೀಸು ಎತ್ತರಕ್ಕೆ, ಮುಂದಿನ ಬೀಸು ನೀರಿಗೆ ಹತ್ತಿರ. ಕುಣಿಕೆ ಕಿರಿದಾದಷ್ಟೂ ಗಾಳಿಗೆ ಹಿಡಿತ ಕಡಿಮೆ. ಬೆನ್ನ ಗಾಳಿಯಾದರೆ ಈ ಕ್ರಮ ತಲೆಕೆಳಗು. ಕೋಲು ಹಿಡಿದ ಕೈಯ ಕಡೆಯಿಂದ ಬೀಸಿದರೆ ಗುರಿಗೆ ಬೆನ್ನು ಮಾಡಿ ನಿಂತು, ಹಿಂಬೀಸಿನಲ್ಲಿಯೇ ಫ್ಲೈಯನ್ನು ಬಿಟ್ಟುಬಿಡುವುದು ಕ್ಷೇಮ. ಸಡಿಲ ಹುರಿ ಗಾಳಿಗೆ ಹಾರಾಡದಂತೆ ಸೊಂಟಕ್ಕೊಂದು ಬುಟ್ಟಿ.

ಹುರಿಯ ತೂಕವನ್ನು ಕುರಿತ ವ್ಯಾಜ್ಯ ಮಾತ್ರ ಇನ್ನೂ ಮುಗಿದಿಲ್ಲ. ಗಾಳಿ ಹೆಚ್ಚಿದರೆ ಒಂದು ಅಂಕ ಭಾರವಾದ ಹುರಿ ಹಾಕಬೇಕೆಂಬುದು ಅಂಗಡಿಗಳ ಸಲಹೆ. ಭಾರಕ್ಕೆ ಕೋಲು ಅತಿಯಾಗಿ ಬಾಗಿ ಕುಣಿಕೆ ಅಗಲವಾಗುವುದರಿಂದ ಒಂದು ಅಂಕ ಹಗುರಾದ, ತೆಳುವಾದ ಹುರಿಯನ್ನೇ ಹೆಚ್ಚು ಉದ್ದ ಹೊರಬಿಟ್ಟು ಬೀಸಬೇಕೆಂದು ಕ್ರೇ ಕೊನೆಯವರೆಗೂ ಸಾಧಿಸಿದನು. ನನಗೆ ಕ್ರೇಯ ಪಕ್ಷವೇ ಸರಿಯೆನಿಸುತ್ತದೆ, ಉದ್ದ ಹುರಿಯನ್ನು ಗಾಳಿಯಲ್ಲಿ ಎತ್ತಿಹಿಡಿಯಬಲ್ಲ ಕೈಯಿದ್ದರೆ. 1961ರಲ್ಲಿ ಗೊತ್ತುಮಾಡಿದ ಅಳತೆಯಂತೆ ಹುರಿಯ ಮೊದಲ 30 ಅಡಿಯ ತೂಕದಿಂದ ಅಂಕ ನಿರ್ಣಯವಾಗಬೇಕು. ಎಂಟನೆಯ ಅಂಕಕ್ಕೆ 210 ಗ್ರೇನ್. ಈಗಿನ ತಯಾರಕರಲ್ಲಿ ಅನೇಕರು ಅದಕ್ಕಿಂತ ಅರ್ಧ ಅಂಕ, ಕೆಲವೊಮ್ಮೆ ಒಂದು ಅಂಕ ಭಾರವಾಗಿಯೇ ಮಾಡುವುದರಿಂದ, ಡಬ್ಬಿಯ ಮೇಲೆ ಎಂಟೆಂದಿರುವುದು ತಕ್ಕಡಿಯಲ್ಲಿ ಒಂಬತ್ತಾಗುವುದುಂಟು. ಎಚ್ಚರವುಳ್ಳವರು ತೂಗಿ ನೋಡಿದ ಮೇಲೆಯೇ ರೀಲಿಗೆ ಸುತ್ತುತ್ತಾರೆ.